ನಿಲ್ಲುವ ಹಾಗಿಲ್ಲ

ನಿನ್ನೆ ಬೆಳಿಗ್ಗೆ ಕುರ್ಚಿ ಹೆಣೆಯುವವನು ತನ್ನ ಮನೆಯೆದುರಿನ ಬೀದಿಯಲ್ಲಿ ಕುಸಿದು ಬಿದ್ದ. ಒಪ್ಪಂದಕ್ಕೆ ಒಪ್ಪಿದವನಲ್ಲವಾದ್ದರಿಂದ ಅವನನ್ನು ಯಾರೂ ಎತ್ತಲಿಲ್ಲ. ಬಿಸಿಲೇರುವ ಹೊತ್ತಿಗೆ ಸತ್ತ. ಸತ್ತ ಮೇಲೆ ಎತ್ತಿದರು.

ಇವತ್ತು ಸಾಕ್ಷಿ ಎಂದಿನಂತೆ ಎದ್ದ, ಎಂದಿನಂತೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ಮುಖಕ್ಕೆ ಹಾಕಿಕೊಳ್ಳಲೆಂದು ಬೊಗಸೆಯೊಡ್ಡಿದರೆ ನೀರು ತುಂಬಿ, ಅಂಚು ಮೀರಿ, ಮೊಣಕೈವರೆಗೆ ಹರಿದು ಹೋಗುತ್ತಿತ್ತು. ಕೈ ಮಾತ್ರ ಮುಖದವರೆಗೆ ಏಳುತ್ತಿರಲಿಲ್ಲ. ಸಾಕ್ಷಿ ಎಂಬುದು ಅವನ ಹೆಸರಲ್ಲ, ಕೆಲಸ. ಆದರೆ ಊರೆಲ್ಲ ಹಾಗೇ ಕರೆದು ಕರೆದು ಅವನ ಹೆಂಡತಿಗೂ ಈಗ ಅದೇ ರೂಢಿಯಾಗಿತ್ತು. ಪುರಸಭೆ ಬಾಗಿಲು ಮುಚ್ಚಿ, ಪೊಲೀಸ್ ಠಾಣೆಯಲ್ಲಿ ಪಾರಿವಾಳಗಳು ಗೂಡು ಕಟ್ಟಿದ ಮೇಲೆ, ಈ ಊರನ್ನು ನಡೆಸುತ್ತಿದ್ದುದು ಒಪ್ಪಂದ. ನೀರು, ದೀಪ, ಕಾವಲು, ಆಸ್ಪತ್ರೆ, ಜಗಳಕ್ಕೆ ತೀರ್ಪು, ಎಲ್ಲವೂ ಅದರದ್ದೇ. ಬೇಕಾದವರು ಒಪ್ಪಬಹುದು, ಬೇಡದವರು ಬಿಡಬಹುದು. ಒಪ್ಪುವವರು ತಮ್ಮ ಬಾಯಿಂದ, ಗಟ್ಟಿಯಾಗಿ, ಮೂರು ಸಲ ಹೂಂ ಅನ್ನಬೇಕು. ಹಾಗೆ ಕೇಳುವುದು, ಆ ಹೂಂ ನಿಜವಾದ ಹೂಂ ಹೌದೋ ಅಲ್ಲವೋ ಎಂದು ಹೇಳುವುದು ಸಾಕ್ಷಿಯ ಕೆಲಸ. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಗಂಡ ಮೊಣಕೈಯಿಂದ ತಿವಿದದ್ದಕ್ಕೆ ಹೂಂ ಅಂದ ಹೆಂಗಸನ್ನು ವಾಪಸ್ಸು ಕಳಿಸಿದ್ದ. ಬರೀ ತಲೆಯಾಡಿಸಿದ ಮುದುಕನಿಗೆ, "ತಲೆ ಗಾಳಿಗೂ ಆಡತ್ತೆ ಅಜ್ಜ, ಬಾಯಲ್ಲಿ ಹೇಳಿ" ಅಂದಿದ್ದ. ಆ ಮಾತಿಗೆ ಕಚೇರಿಯಲ್ಲಿ ಎಲ್ಲರೂ ನಕ್ಕಿದ್ದರು, ಅವನಿಗೂ ಒಳಗೊಳಗೇ ಹೆಮ್ಮೆಯಾಗಿತ್ತು.

"ಏನ್ರೀ ಅದು, ಅಷ್ಟು ಹೊತ್ತಿಂದ ನೀರು ಬಿಟ್ಕೊಂಡು," ಹೆಂಡತಿ ಬಂದು ನಲ್ಲಿ ನಿಲ್ಲಿಸಿದಳು. ಅವನ ಒದ್ದೆ ಕೈಗಳನ್ನು ತನ್ನ ಸೆರಗಿನಲ್ಲಿ ಒರೆಸಿದಳು, ಮಗುವಿಗೆ ಒರೆಸಿದ ಹಾಗೆ. "ಇವತ್ತು ಕೆಲಸಕ್ಕೆ ಹೋಗ್ಬೇಡಿ."

"ಅಕ್ಕನ ಮನೆಗೆ ಹೋಗಿ ಬರ್ತೀನಿ."

"ಹೋಗಿ?" ಅಂದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವಳಿಗೆ ನಿಜಕ್ಕೂ ಗೊತ್ತಾಗಬೇಕಿತ್ತು. "ಹೋಗಿ ಏನ್ ಮಾಡೋಕಾಗತ್ತೆ? ಪಕ್ಕದಲ್ಲಿ ಕೂತು ಅಳಬಹುದು. ಹೆಗಲು ಕೊಡೋ ಹಾಗಿಲ್ಲವಲ್ಲ."

ಹೆಗಲು ಕೊಡುವ ಹಾಗಿಲ್ಲ. ಒಪ್ಪಿದವರು ಒಪ್ಪದವರಿಗೆ ಯಾವ ಸೇವೆಯನ್ನೂ ಮಾಡುವ ಹಾಗಿಲ್ಲ. ಮಾಡಿದರೆ ಬಿಟ್ಟಿ ಪಡೆಯುವವರು ಹೆಚ್ಚಿ ಒಪ್ಪಂದ ಉಳಿಯುವುದಿಲ್ಲ. ಅವನೇ ಎಷ್ಟು ಜನಕ್ಕೆ ಬಿಡಿಸಿ ಹೇಳಿದ್ದ! ನೀರು ಕೊಡುವುದು ಸೇವೆ. ಬಿದ್ದವನನ್ನು ಎತ್ತುವುದು ಸೇವೆ. ಹೆಣಕ್ಕೆ ಹೆಗಲು ಕೊಡುವುದೂ ಸೇವೆಯೇ ಎಂದು ಯಾರೂ ಅವನನ್ನು ಕೇಳಿರಲಿಲ್ಲ, ಕೇಳಿದ್ದರೆ ಒಂದು ಕ್ಷಣವೂ ತಡೆಯದೆ ಹೌದು ಅನ್ನುತ್ತಿದ್ದ.

ಸತ್ತವನು ಅವನ ಭಾವ. ಅಕ್ಕನ ಗಂಡ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟು ನೋಡುತ್ತಿದ್ದ, ಅದು ಎಲ್ಲೂ ಕೂರುತ್ತಿರಲಿಲ್ಲ.

ಕಚೇರಿಯಿಂದ ಕರೆ ಬಂತು. ಮೇಡಂ ಬರಹೇಳಿದ್ದಾರೆ, ಬೇಗ. ಅವನು ಚಪ್ಪಲಿ ಮೆಟ್ಟಿ ಹೊರಟ. ಬೀದಿ ತೊಳೆದ ಹಾಗಿತ್ತು. ಒಂದು ಎಲೆ ಬಿದ್ದಿಲ್ಲ, ಒಂದು ಗುಂಡಿಯಿಲ್ಲ. ಹಳೆಯ ಕಾಲದಲ್ಲಿ ಇದೇ ಬೀದಿಯಲ್ಲಿ ಚರಂಡಿ ಒಡೆದು ಇಟ್ಟಿಗೆಯಿಂದ ಇಟ್ಟಿಗೆಗೆ ಹಾರುತ್ತಾ ಶಾಲೆಗೆ ಹೋಗಿದ್ದ, ಅಕ್ಕನ ಕೈ ಹಿಡಿದು. ಆ ಚರಂಡಿಗೆ ಅರ್ಜಿ ಹಿಡಿದು ಅಪ್ಪ ಒಂದು ದಿನ ಪುರಸಭೆ ಕಚೇರಿಗೆ ಹೋಗಿದ್ದರು, ಜೊತೆಗೆ ಇವನೂ ಇದ್ದ. ಕಿಟಕಿಯಾಚೆ ಕುಳಿತಿದ್ದವನು ಇವನ ಅಣ್ಣನಾಗುವಷ್ಟು ಚಿಕ್ಕವನು, ಅಪ್ಪನನ್ನು "ಏಯ್, ಪಕ್ಕಕ್ಕೆ ನಿಂತ್ಕೋ" ಅಂದ. ಅಪ್ಪ ನಕ್ಕರು. ಅಪ್ಪನ ಆ ನಗು, ಹಲ್ಲು ತೋರಿಸಿ ಪಕ್ಕಕ್ಕೆ ಸರಿದ ಆ ನಗು, ಇವನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಕೊಂಡಿತು. ದೊಡ್ಡವನಾದ ಮೇಲೆ, ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೆಳೆಯರೆಲ್ಲ ಕೂಡಿ ಓದುತ್ತಿದ್ದಾಗ, ಸರ್ಕಾರವೆಂದರೇನು ಎಂದು ವಾದ ಹತ್ತಿದಾಗ, ಇವನು ಎದ್ದು ನಿಂತು ಕೂಗಿದ್ದ: ಹುಟ್ಟಿದ್ದೇ ತಪ್ಪು ಅಂತ ತೆರಿಗೆ ಕಟ್ಟಿಸ್ಕೊಳ್ಳೋ ಸರ್ಕಾರ ಯಾವತ್ತಾದ್ರೂ ನಿಮ್ಮನ್ನ ಕೇಳಿದೆಯಾ? ನಿಮಗಿದು ಬೇಕಾ ಅಂತ ಒಂದು ಸಲ, ಒಂದೇ ಒಂದು ಸಲ ಕೇಳಿದೆಯಾ? ಮೂಲೆಯಲ್ಲಿ ಕುರ್ಚಿಯ ಚೌಕಟ್ಟನ್ನು ಮಂಡಿಗೆ ಒತ್ತಿಕೊಂಡು ಹೆಣೆಯುತ್ತಿದ್ದ ಭಾವ, ಆಗಿನ್ನೂ ಭಾವನಾಗಿರಲಿಲ್ಲ, ತಲೆಯೆತ್ತಿ "ಸರಿಯಾದ ಮಾತು ಕಣಪ್ಪ ಇದು" ಅಂದಿದ್ದ. ಮುಂದೆ ಒಪ್ಪಂದದವರು ಬಂದರು. ಬಿಳಿ ಅಂಗಿಯ ಒಬ್ಬ ಯುವಕ ಅಪ್ಪನಿಗೆ ಕುರ್ಚಿ ಎಳೆದುಕೊಟ್ಟು, "ನೀವು ಕೂತ್ಕೊಳಿ ಯಜಮಾನರೇ, ನಿಧಾನ ಯೋಚ್ನೆ ಮಾಡಿ, ಬೇಡ ಅನ್ಸಿದ್ರೆ ಬೇಡ ಅನ್ನಿ" ಅಂದ. ನೀವು ಅಂದ! ಅವತ್ತು ರಾತ್ರಿ ಇವನು ದಿಂಬಿಗೆ ಮುಖ ಒತ್ತಿ ಅತ್ತಿದ್ದ, ಸಂತೋಷಕ್ಕೆ.

ಊರಿಗೆ ಊರೇ ಹೂಂ ಅಂದಾಗ ಭಾವ ಒಬ್ಬ ಊಹೂಂ ಅಂದ; ಅವನು ಹೊರಗುಳಿದದ್ದಕ್ಕೆ ಅಕ್ಕನೂ ಹೊರಗುಳಿದಳು. "ನೀನೇ ಹೇಳ್ತೀಯಲ್ಲೋ ನಿಜಪ್ಪ," ಅಂದ. ಇವನ ಹಟ ನೋಡಿ ಭಾವ ಇಟ್ಟಿದ್ದ ಹೆಸರು ಅದು. "ಬೇಡ ಅನ್ನೋಕೆ ಜಾಗ ಇದೆ ಅಂತ. ಆ ಜಾಗದಲ್ಲಿ ಯಾರೂ ಇಲ್ಲದೆ ಹೋದ್ರೆ ಅದು ಇದೆ ಅಂತ ಗೊತ್ತಾಗೋದು ಹೆಂಗೆ? ನಾನು ಅಲ್ಲಿ ಹೋಗಿ ಕೂತಿರ್ತೀನಿ. ಬೇಡ ಅಂದೋನು ಬದುಕಿ ತೋರಿಸಿದ್ರೆ ನಿಮ್ದು ನಿಜ. ಆಮೇಲೆ ನಾನೂ ಹೂಂ ಅಂತೀನಿ, ಮಾತಾಯ್ತು."

ಭಾವನಿಗೆ ಯಾರೂ ಏನೂ ಮಾಡಲಿಲ್ಲ. ಮನೆ ಅವನದು, ಮನೆಯ ಮೆಟ್ಟಿಲು ಅವನದು, ಹಿತ್ತಲಿನ ಬಾವಿ ಅವನದು. ಮೆಟ್ಟಿಲಿನಾಚೆಯ ಬೀದಿ ಒಪ್ಪಂದದ್ದು. ಒಪ್ಪದವರು ಅದರ ಮೇಲೆ ನಡೆಯಬಹುದು, ನಿಲ್ಲುವ ಹಾಗಿಲ್ಲ. ಅದೊಂದು ಉದಾರ ಏರ್ಪಾಡು ಎಂದೇ ಸಾಕ್ಷಿ ನಂಬಿದ್ದ; ನಡೆಯುವುದನ್ನೂ ತಡೆಯಬಹುದಿತ್ತಲ್ಲ. ಭಾವ ಅದನ್ನೊಂದು ಆಟ ಮಾಡಿಕೊಂಡ. ತರಕಾರಿ ಗಾಡಿಯೆದುರು ನಿಂತಲ್ಲೇ ಕಾಲು ಎತ್ತಿ ಎತ್ತಿ ಇಡುತ್ತಾ ಬದನೆಕಾಯಿ ಆರಿಸುವನು. ಪರಿಚಯದವರು ಸಿಕ್ಕರೆ ಕಾಲು ಆಡಿಸುತ್ತಲೇ ಯೋಗಕ್ಷೇಮ ವಿಚಾರಿಸುವನು. ಕಾವಲಿನವರು ಬೇರೆ ಕಡೆ ನೋಡುತ್ತಾ ನಗು ತಡೆದುಕೊಳ್ಳುವರು. "ಈ ವಯಸ್ಸಲ್ಲಿ ಕವಾಯತು ಮಾಡಿಸ್ತಿದ್ದಾರೆ ನೋಡೋ ನಿಜಪ್ಪ, ಮಂಡಿ ನೋವು ಎಲ್ಲಿಗೆ ಓಡಿಹೋಯ್ತೋ!" ಅಂತ ಒಂದು ಸಂಜೆ ಇವನ ಮುಂದೆಯೂ ಕಾಲು ಕುಣಿಸುತ್ತಾ ಮಾತಾಡಿದ್ದ. ಇವನು ಸುತ್ತ ಕಣ್ಣಾಡಿಸಿದ್ದ, ಯಾರಾದರೂ ನೋಡುತ್ತಿದ್ದಾರೆಯೇ ಎಂದು. ನಾಚಿಕೆಯಾಗಿತ್ತು. ಯಾರಿಗಾಗಿ ನಾಚಿಕೆ ಎಂದು ಆಗ ಕೇಳಿಕೊಂಡಿರಲಿಲ್ಲ.

"ನಮಸ್ಕಾರ ಸಾಕ್ಷಿ ಸಾರ್," ಎಂದ ಬೀದಿ ತಿರುವಿನ ಕಾವಲಿನವನು. ದಿನವೂ ಹೇಳುತ್ತಿದ್ದ ದನಿಯಲ್ಲೇ ಹೇಳಿದ. ನಿನ್ನೆಯೂ ಇವನೇ ಅಲ್ಲಿದ್ದುದು. ಬಿದ್ದವನ ಪಕ್ಕದಲ್ಲಿ, ನೆರಳು ಬೀಳದ ಹಾಗೆ ಒಂದಿಷ್ಟು ಸರಿದು ನಿಂತಿದ್ದ, ನೆರಳು ಕೊಡುವುದೂ ಸೇವೆಯಾದೀತೇನೋ ಎಂಬ ಅನುಮಾನಕ್ಕೆ.

ಕಚೇರಿಯಲ್ಲಿ ಸಾಕ್ಷಿಯ ಕುರ್ಚಿ ಭಾವ ಹೆಣೆದದ್ದು. ಬೆತ್ತದ ಎಳೆಗಳು ಹಾಯ್ದು ಮಾಡುವ ಸಣ್ಣ ಸಣ್ಣ ಕಣ್ಣುಗಳು. ಬೇಸಿಗೆಯಲ್ಲಿ ಎದ್ದು ನೋಡಿದರೆ ತೊಡೆಯ ಮೇಲೆ ಆ ಅಚ್ಚು ಮೂಡಿರುತ್ತಿತ್ತು. ಇವತ್ತು ಅದರ ಮೇಲೆ ಕೂರಲಾಗಲಿಲ್ಲ. ಮೇಡಂ, ಮೇಲ್ವಿಚಾರಕಿ, ತಾವೇ ಎದ್ದು ಬಂದು ಬೇರೆ ಕುರ್ಚಿ ಎಳೆದು ಕೂರಿಸಿದರು. ಒಳ್ಳೆಯ ಹೆಂಗಸು. ಅವರ ಕಣ್ಣು ಕೆಂಪಾಗಿತ್ತು.

"ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ನಂಗೆ," ಅಂದರು. "ಸ್ವಂತ ಭಾವ. ಆದ್ರೂ ನೀವು ಕೇಳಿದ ರೀತಿ ಇದೆಯಲ್ಲ. ದನಿ ಒಂದಿಷ್ಟೂ ನಡುಗಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಏನೋ ಒಂದು ಹೂಂ ಅಂತ ಬರೆದು ಕೈ ತೊಳ್ಕೊಳೋರು. ಹೊಸದಾಗಿ ಬರೋ ಸಾಕ್ಷಿಗಳಿಗೆ ಇದನ್ನೇ ಕೇಳಿಸ್ಬೇಕು ಅಂತ ಮೇಲಿನೋರು ಹೇಳಿದ್ದಾರೆ."

ಇವನು ಬೇಡ ಅನ್ನುವುದರೊಳಗೆ ಮೇಡಂ ಧ್ವನಿಪೆಟ್ಟಿಗೆಯ ಗುಂಡಿ ಒತ್ತಿದ್ದರು. ಅಂಗೈಯಗಲದ ಪೆಟ್ಟಿಗೆ, ಕೇಳಿದ್ದು, ಹೇಳಿದ್ದು ಎಲ್ಲ ಅದರೊಳಗೆ. ಮೊದಲು ಗಾಳಿಯ ಸದ್ದು. ಆಸ್ಪತ್ರೆಯ ಗಾಡಿಯ ಎಂಜಿನ್ನು ಗುರ್ ಅನ್ನುತ್ತಾ ನಿಂತ ಸದ್ದು. ಗಾಡಿ ಬಂದಿತ್ತು, ಬಾಗಿಲು ತೆರೆದಿತ್ತು, ಒಳಗಿನ ಬಿಳಿ ಹಾಸಿಗೆ ಕಾಣುತ್ತಿತ್ತು, ಇಬ್ಬರು ಕೈಗವಸು ತೊಟ್ಟು ಕಾಯುತ್ತಿದ್ದರು, ಒಂದು ಹೂಂಗಾಗಿ. ಆಮೇಲೆ ಅವನದೇ ದನಿ, ಶಾಂತವಾಗಿ, ಅಕ್ಷರ ಅಕ್ಷರ ಬಿಡಿಸಿ: "ಯಾರ ಬಲವಂತವೂ ಇಲ್ಲದೆ, ನಿಮ್ಮ ಸ್ವಂತ ಇಚ್ಛೆಯಿಂದ, ಈ ಒಪ್ಪಂದಕ್ಕೆ ಒಪ್ಪುತ್ತೀರಾ?" "ಭಾವ" ಎಂದು ಕರೆದಿರಲಿಲ್ಲ. ನಿಯಮದ ಪ್ರಕಾರ ಯಾರನ್ನೂ ನಂಟು ಹೇಳಿ ಕರೆಯುವ ಹಾಗಿಲ್ಲ, ಅದು ಒತ್ತಡವಾಗುತ್ತದೆ. ಮೌನ. ಎಲ್ಲೋ ಅಕ್ಕನ ದನಿ: "ಹೂಂ ಕಣೋ, ಹೂಂ! ಅವರ ಪರವಾಗಿ ನಾನ್ ಹೇಳ್ತಿದೀನಿ, ಹೂಂ!" ಅವನ ದನಿ: "ಒಬ್ಬರ ಪರವಾಗಿ ಇನ್ನೊಬ್ಬರು ಹೇಳುವ ಹಾಗಿಲ್ಲ." ಮತ್ತೆ ಪ್ರಶ್ನೆ. ಮತ್ತೆ ಮೌನ. ಆ ಮೌನದ ತಳದಲ್ಲಿ ಒಂದು ಸದ್ದಿತ್ತು. ಸರ್... ಸರ್... ಸರ್. ನೆಲವನ್ನು ಏನೋ ಸವರಿದ ಹಾಗೆ, ಒಂದೇ ಲಯದಲ್ಲಿ. ನಿನ್ನೆ ಅದು ಅವನ ಕಿವಿಗೆ ಬಿದ್ದಿರಲಿಲ್ಲ.

"ಇದೇನು ಸದ್ದು?" ಅಂದ.

"ಯಾವ್ದು? ಏನೋ ಗಾಳಿಗೆ ಕಾಗದ ಇರ್ಬೇಕು." ಮೇಡಂ ಪೆಟ್ಟಿಗೆ ನಿಲ್ಲಿಸಿದರು. ನೀರು ತರಿಸಿ ಕೊಟ್ಟರು. ಅವನು ಲೋಟ ಹಿಡಿದುಕೊಂಡು ಕೂತ. "ಈಗ ಒಂದು ಕಷ್ಟದ ಕೆಲಸ ಇದೆ. ನಿಮ್ಮ ಅಕ್ಕ ಒಪ್ತೀನಿ ಅಂತ ಹೇಳಿ ಕಳಿಸಿದ್ದಾರೆ. ಅವರು ಒಪ್ಪಿದ್ರೆ ನಮ್ಮೋರೇ ಬಂದು ಮರ್ಯಾದೆಯಿಂದ ಎತ್ಕೊಂಡು ಹೋಗ್ತಾರೆ, ಮುಂದಿನದೆಲ್ಲ ನಾವೇ ನೋಡ್ಕೋತೀವಿ. ನೀವೇ ಕೇಳ್ಬೇಕು. ನೀವು ಕೇಳಿದ್ರೆ ನಾಳೆ ಯಾರೂ ಇದು ಬಲವಂತದ್ದು ಅಂತ ಬೆರಳು ತೋರಿಸೋ ಹಾಗಿರಲ್ಲ. ಬೀದಿ ಬೀದಿಯಲ್ಲಿ ಏನೇನೋ ಮಾತು ಹುಟ್ಕೊಂಡಿದೆ ನಿನ್ನೆಯಿಂದ."

"ಅಕ್ಕ ಒಪ್ಪಿದ್ರೆ ಭಾವನ್ನ ಹೇಗೆ ಎತ್ತೋಕಾಗತ್ತೆ?" ಅವನ ಬಾಯಿ ಅಭ್ಯಾಸಬಲದಿಂದ ಕೇಳಿತು. "ನಿನ್ನೆ ಅವಳ ಹೂಂ ನಡೀಲಿಲ್ವಲ್ಲ."

"ನಿನ್ನೆ ಅವರು ಅವರವರೇ. ಯಾರಿಗೂ ಸೇರಿದೋರಲ್ಲ." ಮೇಡಂ ಪಾಠ ಹೇಳುವವರ ಹಾಗೆ, ಮೆಲ್ಲಗೆ ಹೇಳಿದರು. "ಇವತ್ತು ಅವರು ಹೆಂಡತಿಯ ಸ್ವತ್ತು."

ಅವನು ತಲೆಯಾಡಿಸಿದ. ತರ್ಕ ಸರಿಯಾಗಿತ್ತು. ಎಲ್ಲೂ ಬಿರುಕಿರಲಿಲ್ಲ. ಹಾಗೆಯೇ ನಿನ್ನೆ, ಆಸ್ಪತ್ರೆಯವರು ಕತ್ತಿನ ನಾಡಿ ಮುಟ್ಟಿ ನೋಡಿ ಕೈಗವಸು ಕಳಚಿದ ಮೇಲೆ, ಬೀದಿ ಗುಡಿಸುವ ಇಬ್ಬರು ಬಂದು ಕಂಕುಳಿಗೂ ಕಾಲಿಗೂ ಕೈ ಹಾಕಿ ಭಾವನನ್ನು ಹಗುರವಾಗಿ ಎತ್ತಿ ಅವನ ಮೆಟ್ಟಿಲ ಮೇಲೆ ಮಲಗಿಸಿ ಹೋದದ್ದೂ ಸರಿಯಾಗಿತ್ತು. ಜೀವವಿರುವವರೆಗೆ ಎತ್ತುವುದು ಸೇವೆ, ಜೀವ ಹೋದ ಮೇಲೆ ಬೀದಿ ತೆರವು. ಎಷ್ಟು ಸುಲಭವಾಗಿ ಎತ್ತಿದರು! ಒಂದು ಚಾಪೆ ಸುತ್ತಿದಷ್ಟು ಹೊತ್ತು ಕೂಡ ಆಗಲಿಲ್ಲ.

ಅಕ್ಕನ ಬೀದಿಗೆ ಅವರಿಬ್ಬರೂ ನಡೆದು ಬಂದರು. ಕಿಟಕಿಗಳ ಹಿಂದೆ ಜನರಿದ್ದರು. ಎದುರುಮನೆ ಕನ್ನಡಕದಂಗಡಿಯವರ ವರಾಂಡದಲ್ಲಿ ಹೊಸ ಬೆತ್ತದ ಕುರ್ಚಿಯೊಂದು ಇತ್ತು. ನಿನ್ನೆ ಭಾವ ಅದನ್ನು ತಲೆಯ ಮೇಲೆ ಹೊತ್ತು ಅವರಿಗೆ ಕೊಡಲು ಬೀದಿ ದಾಟುತ್ತಿದ್ದ. ಬಿದ್ದಾಗ ಕುರ್ಚಿಯೂ ಬಿತ್ತು. ಕನ್ನಡಕದಂಗಡಿಯವರು ಬಾಗಿಲು ತೆರೆದು ಬಂದರು, ಬಿದ್ದವನನ್ನು ನೋಡಿದರು, ಕಾವಲಿನವನನ್ನು ನೋಡಿದರು, ಕುರ್ಚಿಯನ್ನು ಎತ್ತಿಕೊಂಡು ಒಳಗೆ ಹೋದರು. ಕುರ್ಚಿ ಅವರದು ತಾನೆ. ಅದನ್ನು ಎತ್ತಲು ಯಾರೂ ಮೂರು ಸಲ ಕೇಳಬೇಕಾಗಿರಲಿಲ್ಲ. ಈಗ ಅವರು ಕಿಟಕಿಯ ಪರದೆ ಸರಿಸಿ ಸಾಕ್ಷಿಯನ್ನು ನೋಡಿ, ಪರದೆಯನ್ನು ಮತ್ತೆ ಬಿಟ್ಟರು.

ಅಕ್ಕ ಬಾಗಿಲಲ್ಲೇ ಕೂತಿದ್ದಳು. ಅವಳ ಹಿಂದೆ, ಬೆತ್ತದ ಉದ್ದ ಬೆಂಚಿನ ಮೇಲೆ, ಅವಳೊಬ್ಬಳೇ ಹೇಗೋ ಒಳಗೆಳೆದು ಮಲಗಿಸಿದ್ದ ಭಾವ. ಬೆಂಚಿನ ಒಂದು ಕೊನೆಯ ಹೆಣಿಗೆ ಇನ್ನೂ ಮುಗಿದಿರಲಿಲ್ಲ. ಎಳೆಗಳು ಕೆಳಗೆ ಜೋತಾಡುತ್ತಿದ್ದವು. ಪಕ್ಕದಲ್ಲಿ ನೆನೆಹಾಕಿದ ಬೆತ್ತದ ಬಾನಿ. ಹೊದಿಸಿದ ದುಪ್ಪಟಿ ಗಿಡ್ಡವಾಗಿ ಕಾಲು ಹೊರಗಿದ್ದವು. ಬಲಗಾಲ ಹಿಮ್ಮಡಿ ಕಿತ್ತು ಹೋಗಿತ್ತು, ಕಲ್ಲಿಗೆ ಉಜ್ಜಿದ ಹಾಗೆ. ಸಾಕ್ಷಿ ಅದನ್ನು ನೋಡಿ ಬೇರೆ ಕಡೆ ನೋಡಿದ.

"ಬಂದ್ಯಾ," ಅಂದಳು ಅಕ್ಕ. "ಡಬ್ಬಿ ತಂದಿದೀಯಾ?"

"ತಂದಿದೀನಿ."

"ಮತ್ತೆ ಕೇಳು. ಒಪ್ದೆ. ಒಪ್ದೆ, ಒಪ್ದೆ. ಆಯ್ತಾ? ಇನ್ನೂ ನಾಲ್ಕು ಸಲ ಬೇಕಾದ್ರೂ ಹೇಳ್ತೀನಿ."

"ಅಮ್ಮಾ, ಅವರು ಕೇಳಿದ ಮೇಲೆ ಹೇಳ್ಬೇಕು," ಮೇಡಂ ಮೆಟ್ಟಿಲ ಕೆಳಗೇ ನಿಂತು ಹೇಳಿದರು. ಅಪ್ಪಣೆಯಿಲ್ಲದೆ ಇನ್ನೊಬ್ಬರ ಮೆಟ್ಟಿಲು ಹತ್ತುವವರಲ್ಲ. "ಮೊದಲೇ ಹೇಳಿದ್ರೆ ಅದು ಸೇರಲ್ಲ."

"ಓ, ಅದಕ್ಕೂ ಪಾಳಿ ಇದೆಯಾ." ಅಕ್ಕನ ದನಿ ಒಡೆದ ಬಿದಿರಿನ ಹಾಗಿತ್ತು. "ಕೇಳಪ್ಪ ನಿಜಪ್ಪ. ಇವರು ಇವತ್ತು ನನ್ನ ಸ್ವತ್ತಂತೆ. ಮದುವೆಯಾಗಿ ಇಷ್ಟು ವರ್ಷ ಬೈದೆ, ಕೊಂಡಾಡ್ದೆ, ಅಂಗಿಗೆ ತೇಪೆ ಹಾಕ್ದೆ, ನನ್ನೋರು ಅಂತ ಒಬ್ರೂ ಬರ್ಕೊಡ್ಲಿಲ್ಲ. ಇವತ್ತು ಬರ್ಕೊಡ್ತಾರಂತೆ."

ಮೇಡಂ ತಲೆ ತಗ್ಗಿಸಿದರು. ಸಾಕ್ಷಿ ಮೆಟ್ಟಿಲು ಹತ್ತಿ ಅಕ್ಕನ ಎದುರು ಮಂಡಿಯೂರಿ ಪೆಟ್ಟಿಗೆಯನ್ನು ಇಬ್ಬರ ನಡುವೆ ಇಟ್ಟ. ಗುಂಡಿ ಒತ್ತಿದ. ತೀರಾ ಚಿಕ್ಕವನಿದ್ದಾಗ ಜ್ವರ ಬಂದು ಮಲಗಿದ್ದ ಇವನ ಎದುರು ಅಕ್ಕ ಹೀಗೇ ಕೂತು, ಒಂದು ಗುಟುಕು, ಇನ್ನೊಂದೇ ಗುಟುಕು, ಅನ್ನುತ್ತಾ ಔಷಧಿ ಕುಡಿಸಿದ್ದಳು. ಇವನು ಬೇಡ ಬೇಡ ಅಂತ ಹಲ್ಲು ಕಚ್ಚಿದ್ದ, ಅವಳು ಮೂಗು ಹಿಡಿದು ಬಾಯಿ ಬಿಡಿಸಿ ಸುರಿದಿದ್ದಳು. ಬಲವಂತ. ಶುದ್ಧ ಬಲವಂತ. ಅದರಿಂದ ಬದುಕಿದ್ದ.

"ಯಾರ ಬಲವಂತವೂ ಇಲ್ಲದೆ," ಅವನ ದನಿ ತಾನಾಗಿ ಹೊರಟಿತು, "ನಿಮ್ಮ ಸ್ವಂತ ಇಚ್ಛೆಯಿಂದ, ಈ ಒಪ್ಪಂದಕ್ಕೆ ಒಪ್ಪುತ್ತೀರಾ?"

"ಹೂಂ."

ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡಬೇಕು, ಮನಸ್ಸು ಬದಲಾಯಿಸಲು. ಆ ಬಿಡುವನ್ನು ಅವನು ಎಂದೂ ಕದ್ದವನಲ್ಲ. ನೊಣವೊಂದು ಬಂದು ದುಪ್ಪಟಿಯ ಮೇಲೆ ಕೂತಿತು. ಅಕ್ಕ ಬೀಸಣಿಗೆಯ ತುಂಡಿನಿಂದ ಅದನ್ನು ಓಡಿಸಿದಳು. ಅದು ಮತ್ತೆ ಬಂತು. ಬಿಸಿಲು ಮೆಟ್ಟಿಲವರೆಗೆ ಬಂದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಒಳಗೂ ಬರುತ್ತದೆ.

"ಯಾರ ಬಲವಂತವೂ ಇಲ್ಲದೆ, ನಿಮ್ಮ ಸ್ವಂತ ಇಚ್ಛೆಯಿಂದ..."

"ಹೂಂ. ಹೂಂ ಅಂದ್ನಲ್ಲ."

ಬಿಡುವು. ಪೆಟ್ಟಿಗೆಯ ಸಣ್ಣ ದೀಪ ಕೆಂಪಗೆ ಉರಿಯುತ್ತಿತ್ತು. ಆ ನಿಶ್ಶಬ್ದದಲ್ಲಿ, ಇವತ್ತಿನ ನಿಶ್ಶಬ್ದದಲ್ಲಿ, ನಿನ್ನೆಯ ಆ ಸದ್ದು ಇರಲಿಲ್ಲ. ಅದಿಲ್ಲದಿರುವುದು ಅವನಿಗೆ ಕೇಳಿಸಿತು. ಅವನ ಕಣ್ಣು ತಾನಾಗಿ ಭಾವನ ಹಿಮ್ಮಡಿಗೆ ಹೋಯಿತು.

"ಅಕ್ಕಾ," ಅಂದ. ನಂಟು ಹೇಳಿ ಕರೆಯುವ ಹಾಗಿಲ್ಲ. ಮೇಡಂ ತಲೆಯೆತ್ತಿದರು. "ನಿನ್ನೆ, ನಾನು ಕೇಳ್ತಿರುವಾಗ, ಸರ್ ಸರ್ ಅಂತ ಏನೋ ಸದ್ದಾಗ್ತಿತ್ತು. ಅದೇನು?"

ಅಕ್ಕ ಅವನನ್ನೇ ನೋಡಿದಳು. ನಿನ್ನೆಯಿಂದ ಮೊದಲ ಸಲ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇವನಿಗೆ ಗೊತ್ತೇ ಆಗಿರಲಿಲ್ಲವೆಂಬ ಬೆರಗಿತ್ತು.

"ಅಷ್ಟು ಹತ್ತಿರ ಕೂತಿದ್ಯಲ್ಲೋ," ಅಂದಳು. "ನಡೀತಿದ್ರು ಕಣೋ ಅವರು. ಮಲಗ್ಕೊಂಡೇ ಕಾಲು ಆಡಿಸ್ತಿದ್ರು. ನಿಂತಿಲ್ಲ ನಾನು, ನಿಂತಿಲ್ಲ ಅಂತ. ನಿಲ್ಲುವ ಹಾಗಿಲ್ವಲ್ಲ."

ಸಾಕ್ಷಿ ಅಲ್ಲೇ ಮಂಡಿಯೂರಿ ಇದ್ದ. ನಿನ್ನೆ ಆ ಕಾಲುಗಳನ್ನು ಅವನು ನೋಡಿದ್ದ. ಸೆಳೆತ ಅಂದುಕೊಂಡಿದ್ದ. ಸೆಳೆತವಿದ್ದವರ ಹೂಂ ಕೂಡ ಸೇರುವುದಿಲ್ಲ, ಇನ್ನಷ್ಟು ಎಚ್ಚರದಿಂದ ಕೇಳಬೇಕು ಎಂದುಕೊಂಡಿದ್ದ. ಬೇಡ ಅಂದ ಮನುಷ್ಯ, ಊರಿಗೆಲ್ಲ ನಗುನಗುತ್ತಾ ಬೇಡ ಅಂದ ಮನುಷ್ಯ, ಎದೆ ಒಡೆದು ನೆಲಕ್ಕೆ ಬಿದ್ದ ಮೇಲೆ, ಪಕ್ಕದಲ್ಲಿ ಕೂತ ಭಾವಮೈದುನನ ಎದುರು, ನಿಯಮ ಮುರಿಯಬಾರದೆಂದು ಹಿಮ್ಮಡಿ ಕಿತ್ತುಹೋಗುವವರೆಗೆ ನಡೆದಿದ್ದ. ಬೇಡ ಅನ್ನುವ ಜಾಗ ಇತ್ತು. ಅದು ಇಷ್ಟೇ ಇತ್ತು, ಒಂದು ಹಿಮ್ಮಡಿ ಹಿಂದೆ ಮುಂದೆ ಆಡುವಷ್ಟು. ಸುತ್ತ ಅಕ್ಕ ಕೂಡ ನಡೆಯುತ್ತಿದ್ದಳು, ಈಗ ನೆನಪಾಯಿತು, ಬಿದ್ದ ಗಂಡನ ಸುತ್ತ ಗಾಣದೆತ್ತಿನ ಹಾಗೆ ಸುತ್ತು ಹಾಕುತ್ತಿದ್ದಳು. ಒಂದು ಸಲ ಕಂಕುಳಿಗೆ ಕೈ ಕೊಟ್ಟು ಎಳೆಯಲು ಬಗ್ಗಿದಾಗ ಭಾವ ನೋವಿಗೆ ಕಿರುಚಿದ, ಕಾವಲಿನವನು "ನಡೀರಮ್ಮ, ನಡೀತಾ ಇರಿ" ಅಂದ, ವಿನಯದಿಂದ. ಅಮ್ಮಾ ಅಂದ. ನೀವು ಅಂದ. ಕಿಟಕಿಯಾಚೆಯವನು ಅಪ್ಪನನ್ನು ಏಯ್ ಅಂದದ್ದಕ್ಕೆ ಇವನು ಇಡೀ ಬದುಕನ್ನು ಪಣಕ್ಕಿಟ್ಟಿದ್ದ. ಆ ಪಣ ಗೆದ್ದು, ಎಲ್ಲರೂ ಎಲ್ಲರನ್ನೂ ನೀವು ಅನ್ನುತ್ತಾ, ಒಬ್ಬ ಮನುಷ್ಯ ಬಿಸಿಲಲ್ಲಿ ಸಾಯುವುದನ್ನು ಸುತ್ತ ನಿಂತು ನೋಡಿದ್ದರು.

"ಸಾಕ್ಷಿಯವರೇ," ಮೇಡಂ ನೆನಪಿಸಿದರು. "ಇನ್ನೊಂದು ಸಲ ಉಳಿದಿದೆ."

"ಕೇಳಲ್ಲ," ಅಂದ.

"ಏನಂದ್ರಿ?"

"ಹೆಣ ಎದುರಿಗೆ ಇಟ್ಕೊಂಡು, ಯಾರ ಬಲವಂತವೂ ಇಲ್ಲದೆ ಅಂತ ನನ್ನ ಬಾಯಲ್ಲಿ ಬರಲ್ಲ. ನಾನು ಕೇಳಲ್ಲ."

ಅಕ್ಕ ಸಿಡಿದೆದ್ದಳು. ಬೀಸಣಿಗೆಯ ತುಂಡು ಅವನ ಭುಜಕ್ಕೆ ಬಡಿಯಿತು. "ನಿನ್ನೆ ನಾನು ಹೂಂ ಹೂಂ ಅಂತ ಬಡ್ಕೊಂಡೆ, ನೀನು ಬೇಡ ಅಂದೆ! ಇವತ್ತು ನೀನೇ ಬಂದು ಕೇಳ್ತೀನಿ ಅಂತ ಕೂತು, ಎರಡು ಸಲ ಅನ್ಸಿ, ಈಗ ಬೇಡ ಅಂತೀಯಾ? ನಿನ್ನ ನಿಜ ಯಾರಿಗೆ ಬೇಕೋ ಪಾಪಿ! ನನ್ನ ಗಂಡ ಇಲ್ಲೇ ಕೊಳೀಬೇಕಾ ನಿನ್ನ ನಿಜಕ್ಕೆ?"

ಅವಳು ಹೇಳುತ್ತಿದ್ದುದೆಲ್ಲ ಸರಿ. ನಿನ್ನೆ ಒಂದು ಸುಳ್ಳು ಹೇಳಿದ್ದರೆ ಭಾವ ಬದುಕುತ್ತಿದ್ದ. ಇವತ್ತೊಂದು ಸುಳ್ಳು ಹೇಳಿದರೆ ಹೂಳಬಹುದು. ಎರಡಕ್ಕೂ ನಡುವೆ ಇವನ ಮಡಿ ಮನಸ್ಸು, ಒಗೆದ ಅಂಗಿಯ ಹಾಗೆ ಗರಿಗರಿ. ಅದನ್ನು ಕಾಪಾಡಿಕೊಂಡು ಎದ್ದು ಹೋದರೆ ನಿನ್ನೆಯದೇ ಕೊಲೆ ಇವತ್ತೂ ಆಗುತ್ತದೆ. ಅವನು ಪೆಟ್ಟಿಗೆ ಎತ್ತಿಕೊಂಡು ಎದ್ದ. ಅಕ್ಕನನ್ನು ದಾಟಿ ಒಳಗೆ ಹೋದ. ಬೆಂಚಿನ ತಲೆಯ ಕಡೆ ನಿಂತ.

"ಆ ಕಡೆ ಹಿಡ್ಕೋ ಅಕ್ಕ," ಅಂದ. "ಹೆಣೆದಿಲ್ಲದ ಕಡೆ ಚೌಕಟ್ಟಿಗೆ ಕೈ ಕೊಡು. ಎಳೆ ಹಿಡೀಬೇಡ, ಜಾರತ್ತೆ."

"ಸಾಕ್ಷಿಯವರೇ!" ಮೇಡಂ ಒಂದು ಮೆಟ್ಟಿಲು ಹತ್ತಿಯೇ ಬಿಟ್ಟರು, ಅಪ್ಪಣೆಯಿಲ್ಲದೆ. "ನೀವು ಒಪ್ಪಿದೋರು. ಕೈ ಹಾಕಿದ್ರೆ ಅದು ಸೇವೆ. ಅಲ್ಲಿಗೆ ಮುಗೀತು ನಿಮ್ದು. ಮನೆ, ನೀರು... ನಿಮ್ಮ ಹೆಂಡತಿ ಮುಖ ನೋಡಿಯಾದ್ರೂ ಯೋಚ್ನೆ ಮಾಡಿ. ಯಾರೂ ನಿಮ್ಮನ್ನ ಬಲವಂತ ಮಾಡ್ತಿಲ್ಲ. ನಿಮ್ಮ ಇಷ್ಟ. ಆದ್ರೆ ಯೋಚ್ನೆ ಮಾಡಿ."

ಬೆಳಿಗ್ಗೆಯ ನಲ್ಲಿ ಕಣ್ಣೆದುರು ಬಂತು. ಬೊಗಸೆ ತುಂಬಿ ಚೆಲ್ಲಿಹೋದ ನೀರು. ಸೆರಗಿನಲ್ಲಿ ಕೈ ಒರೆಸಿದ ಹೆಂಡತಿ. ಅವಳನ್ನು ಕೇಳಿರಲಿಲ್ಲ. ಅವಳನ್ನು ಕೇಳದೆಯೇ ಅವಳ ನೀರನ್ನು ಪಣಕ್ಕಿಡುತ್ತಿದ್ದೇನೆ ಎಂಬುದು ಚುಚ್ಚಿತು. ಅವನು ಪೆಟ್ಟಿಗೆಯನ್ನು ಬಾಯಿಯ ಹತ್ತಿರ ತಂದ. ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

"ಇನ್ನು ನಾನು ಒಪ್ಪಿದೋನಲ್ಲ," ಅಂದ. ದನಿ ನಡುಗುತ್ತಿತ್ತು, ಹೊಸ ಸಾಕ್ಷಿಗಳಿಗೆ ಕೇಳಿಸುವಂತಿರಲಿಲ್ಲ. ಪೆಟ್ಟಿಗೆಯನ್ನು ನೆನೆಹಾಕಿದ ಬೆತ್ತದ ಬಾನಿಗೆ ಹಾಕಿದ.

ಅಕ್ಕ ಇನ್ನೂ ಬೈಯುತ್ತಲೇ ಇದ್ದಳು. ಬೈಯುತ್ತಲೇ ಸೆರಗು ಸಿಕ್ಕಿಸಿಕೊಂಡಳು, ಬೈಯುತ್ತಲೇ ಬಗ್ಗಿ ಚೌಕಟ್ಟು ಹಿಡಿದಳು. ಎತ್ತಿದರು. ಭಾವ ಭಾರವಾಗಿದ್ದ. ಬೀದಿ ಗುಡಿಸುವವರು ಅಷ್ಟು ಹಗುರವಾಗಿ ಎತ್ತಿದ್ದು ಹೇಗೆ! ಬೆಂಚಿನ ಅಂಚು ಅಂಗೈಗೆ ಇಳಿಯಿತು, ಬೆನ್ನುಹುರಿಯ ಬುಡದಲ್ಲಿ ಏನೋ ಚಳುಕ್ ಅಂದಿತು. ಮೇಡಂ ಪಕ್ಕಕ್ಕೆ ಸರಿದರು. ಒಂದೊಂದೇ ಮೆಟ್ಟಿಲು ಇಳಿದು ಬೀದಿಗೆ ಕಾಲಿಟ್ಟರು. ಅವನು ಮುಂದೆ, ಅಕ್ಕ ಹಿಂದೆ, ನಡುವೆ ದುಪ್ಪಟಿಯಡಿ ಅಲುಗುವ ಭಾವ, ಮುಗಿಯದ ಎಳೆಗಳು ನೆಲ ಸವರುತ್ತಾ, ಸರ್, ಸರ್. ಕಿಟಕಿಗಳು ತೆರೆದವು. ಯಾರೂ ಹೊರಗೆ ಬರಲಿಲ್ಲ. ಯಾರೂ ಮುಚ್ಚಲೂ ಇಲ್ಲ.

ಸ್ಮಶಾನಕ್ಕೆ ಹೋಗುವ ಬೀದಿ ತಿರುವಿನಲ್ಲಿ ಕಾವಲಿನವನು ಅಡ್ಡಗಂಬ ಇಳಿಸಿ ಅದರ ಮುಂದೆ ನಿಂತಿದ್ದ. ಮೇಡಂ ಓಡಿ ಬಂದು ಅವನ ಕಿವಿಯಲ್ಲಿ ಏನೋ ಹೇಳಿದ್ದರು. ಅವನ ಮುಖ ಬಿಳಿಚಿಕೊಂಡಿತ್ತು.

"ಸಾರ್, ಕಂಬ ಎತ್ತೋ ಹಾಗಿಲ್ಲ ಸಾರ್," ಅಂದ. "ನಂಗೂ ಮನೆ ಮಠ ಇದೆ. ದಯವಿಟ್ಟು ವಾಪಸ್ ಹೋಗಿ."

ಮುಂದೆ ಹೋಗುವಂತಿರಲಿಲ್ಲ. ನಿಲ್ಲುವ ಹಾಗಿರಲಿಲ್ಲ. ಹಿಂದಿನಿಂದ ಬೆಂಚು ಸಣ್ಣಗೆ ಮೇಲೆ ಕೆಳಗೆ ಆಡತೊಡಗಿದ್ದು ಸಾಕ್ಷಿಯ ಅಂಗೈಗೆ ಗೊತ್ತಾಯಿತು. ಕತ್ತು ಹೊರಳಿಸಿ ನೋಡಿದ. ಅಕ್ಕ, ಬೆವರು ಕಣ್ಣಿಗಿಳಿಯುತ್ತಾ, ನಿಂತಲ್ಲೇ ಕಾಲು ಎತ್ತಿ ಎತ್ತಿ ಇಡುತ್ತಿದ್ದಳು. ಬೈಗುಳ ನಿಂತಿತ್ತು. ಅವನೂ ಬಲಗಾಲು ಎತ್ತಿದ, ಇಟ್ಟ. ಎಡಗಾಲು ಎತ್ತಿದ. ಮೊದಲು ಹೆಜ್ಜೆ ಹೊಂದಲಿಲ್ಲ, ಬೆಂಚು ವಾಲಿತು, ಭಾವನ ಕೈಯೊಂದು ದುಪ್ಪಟಿಯಿಂದ ಜಾರಿ ಹೊರಗೆ ಬಿತ್ತು, ಆಮೇಲೆ ಹೊಂದಿತು.

"ಕೆಳಗಿಡಿ ಸಾರ್," ಕಾವಲಿನವನು ಕೂಗಿದ. ಅವನ ಕಣ್ಣು ಅವರ ಕಾಲುಗಳ ಮೇಲಿತ್ತು, ಅಲ್ಲಿಂದ ಕೀಳಲಾಗುತ್ತಿರಲಿಲ್ಲ. "ಹೇಳಿದ್ದು ಕೇಳಿಸ್ತಾ? ಕೆಳಗಿಡಿ!"

"ಇಡಲ್ಲ," ಅಂದ.